ತಾಮ್ರದ ತಂತಿಯೋ, ಗಾಜಿನ ಎಳೆಯೋ?



ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡುವ ಕೆಲಸವನ್ನು ಇಂದು ಎಷ್ಟೋ ಸಂಘಗಳಲ್ಲಿ ಕಂಪ್ಯೂಟರೇ ಮಾಡುತ್ತಿದೆ. ಬಟವಾಡೆ ಹಣ ಬ್ಯಾಂಕ್ ಖಾತೆಗೆ ಸೇರಬೇಕಾದರೆ ಆ ಲೆಕ್ಕ ಇಂಟರ್‌ನೆಟ್ ಮೂಲಕ ಸಾಗಬೇಕು. "ಲೈನ್ ಇಲ್ಲ" ಎಂದು ಕಾರ್ಯದರ್ಶಿ ಹೇಳಿದ ದಿನ ತೊಂದರೆ ತಮಗೇ. ಆದ್ದರಿಂದ ಈ ಲೈನಿನ ವಿಚಾರ ತಾವೂ ತಿಳಿದಿರುವುದು ಒಳ್ಳೆಯದು.

ಹಳೆಯ ಟೆಲಿಫೋನ್ ತಂತಿ ತಾಮ್ರದ್ದು. ಮಾತಿಗೆಂದು ಎಳೆದ ಆ ಜೋಡಿ ತಂತಿಯಲ್ಲಿಯೇ, ಮಾತಿಗೆ ಬೇಡವಾದ ಮೇಲಿನ ಆವರ್ತನಗಳಲ್ಲಿ ಇಂಟರ್‌ನೆಟ್ ಕಳುಹಿಸುವ ವಿಧಾನಕ್ಕೆ ಡಿ.ಎಸ್.ಎಲ್. ಎನ್ನುತ್ತಾರೆ. ಬಿ.ಎಸ್.ಎನ್.ಎಲ್. 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದ್ದು ಹೀಗೆಯೇ. ಹೊಸ ತಂತಿಯ ಖರ್ಚಿಲ್ಲ ಎಂಬುದೇ ಇದರ ದೊಡ್ಡ ಗುಣ.

ದೋಷವಿರುವುದು ದೂರದಲ್ಲಿ. ಶೀತಲೀಕರಣ ಕೇಂದ್ರ ದೂರವಾದಷ್ಟೂ ಹಾಲಿನ ಗುಣಮಟ್ಟ ಇಳಿಯುವುದಿಲ್ಲವೇ? ಹಾಗೆಯೇ ಎಕ್ಸ್‌ಚೇಂಜಿನ ಪಕ್ಕದಲ್ಲಿ ಸೆಕೆಂಡಿಗೆ 24 ಮೆಗಾಬಿಟ್‌ವರೆಗೆ ಕೊಡಬಲ್ಲ ತಂತಿ, ಸುಮಾರು 5 ಕಿ.ಮೀ. ದಾಟುವಾಗ ಒಂದೆರಡಕ್ಕೆ ಇಳಿಯುತ್ತದೆ. 2014ರಲ್ಲಿ ಬಂದ ಜಿ.ಫಾಸ್ಟ್ ವಿಧಾನ ತಾಮ್ರದಲ್ಲಿಯೇ ಸಾವಿರ ಮೆಗಾಬಿಟ್‌ನ ಹತ್ತಿರ ಹೋಗಬಲ್ಲದು. ಆದರೆ ನೂರು ಮೀಟರಿನೊಳಗೆ ಮಾತ್ರ. ಅಷ್ಟು ಹತ್ತಿರದವರೆಗೆ ಫೈಬರ್ ಎಳೆದ ಮೇಲೆ ಉಳಿದ ನಾಲ್ಕು ಹೆಜ್ಜೆಗೆ ತಾಮ್ರವೇಕೆ? ಆಸ್ಟ್ರೇಲಿಯಾ ಸರ್ಕಾರ ಖರ್ಚು ಉಳಿಸಲು 2013ರಲ್ಲಿ ಬೀದಿಯವರೆಗೆ ಫೈಬರ್, ಮನೆಗೆ ಹಳೆಯ ತಾಮ್ರ ಎಂದು ನಿರ್ಧರಿಸಿತು. 2020ರಲ್ಲಿ ಅದೇ ಮನೆಗಳಲ್ಲಿ ಅನೇಕಕ್ಕೆ ಫೈಬರ್ ಎಳೆಯುವ ಯೋಜನೆ ಪ್ರಕಟಿಸಬೇಕಾಯಿತು.

ಫೈಬರ್ ಎಂದರೆ ಕೂದಲೆಳೆಯಂಥ ಗಾಜು. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. 20 ಕಿ.ಮೀ. ಹೋದರೂ ವೇಗ ತಗ್ಗದು. ಸಿಡಿಲಿನ ವಿದ್ಯುತ್ತು ಗಾಜಿನಲ್ಲಿ ಹರಿದು ಬರುವುದಿಲ್ಲ. ತಾಮ್ರದಂತೆ ಕಳ್ಳರಿಗೂ ಬೇಡ.

ಹಾಗೆಂದು ಫೈಬರಿನಲ್ಲಿ ಕೊರತೆಯೇ ಇಲ್ಲವೆಂದಲ್ಲ. ಹಳೆಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿತ್ತು. ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಫೈಬರಿನ ಪೆಟ್ಟಿಗೆಗೆ ಸಂಘದ ಕರೆಂಟೇ ಬೇಕು. ಬೆಳಗಿನ ಹಾಲು ಹಾಕುವ ಹೊತ್ತಿಗೆ ಕರೆಂಟ್ ಹೋದರೆ ಲೈನೂ ಹೋಯಿತು. ಕಂಪ್ಯೂಟರಿಗೆ ಇಟ್ಟ ಯು.ಪಿ.ಎಸ್.ಗೆ ಈ ಪೆಟ್ಟಿಗೆಯನ್ನೂ ಜೋಡಿಸತಕ್ಕದ್ದು. ಜೆ.ಸಿ.ಬಿ. ಅಗೆದು ಎಳೆ ತುಂಡಾದರೆ ಲೈನ್‌ಮನ್ ಕೈಯಿಂದ ಹೊಸೆದು ಸೇರಿಸಲಾಗದು. ಬೆಸೆಯಲು ಯಂತ್ರವೇ ಬರಬೇಕು.

ಲೆಕ್ಕ ಕಳುಹಿಸಲು ಸಂಘಕ್ಕೆ ಒಂದೆರಡು ಮೆಗಾಬಿಟ್ ಸಾಕು. ನಮಗೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ತುಂಡಾಗದ ಲೈನು. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆಯ ಮೊದಲ ಗುರಿ ಗ್ರಾಮ ಪಂಚಾಯಿತಿಗೆ ಫೈಬರ್ ಮುಟ್ಟಿಸುವುದು. ಪಂಚಾಯಿತಿಯಿಂದ ಸಂಘದ ಕಟ್ಟಡದವರೆಗಿನ ದಾರಿ ಬೇರೆ. ಹೊಸ ಸಂಪರ್ಕ ಪಡೆಯುವ ಮೊದಲು ಆಡಳಿತ ಮಂಡಳಿಯವರು ಎರಡು ಮಾತು ಕೇಳಬೇಕು: ಫೈಬರ್ ನಮ್ಮ ಕಟ್ಟಡದೊಳಗೇ ಬರುತ್ತದೆಯೇ? ತುಂಡಾದರೆ ಬೆಸೆಯುವವರು ಎಷ್ಟು ದಿನದಲ್ಲಿ ಬರುತ್ತಾರೆ?