ಹವ್ಯಾಸಿ ಭೂಕಂಪ ಮುನ್ಸೂಚನೆಗಳ ಮೌಲ್ಯಮಾಪನ

ಭೂಕಂಪ ವಿಜ್ಞಾನವನ್ನು ವೃತ್ತಿಯಾಗಿ ಅಭ್ಯಸಿಸದವರು ಮುಂಬರುವ ಭೂಕಂಪದ ಬಗ್ಗೆ ನೀಡುವ ಹೇಳಿಕೆಗಳನ್ನು ಹವ್ಯಾಸಿ ಭೂಕಂಪ ಮುನ್ಸೂಚನೆಗಳು ಎನ್ನುತ್ತಾರೆ. ಇವುಗಳನ್ನು ಹೇಳಿದವರ ಪದವಿಯಿಂದಲ್ಲ, ಹೇಳಿಕೆಯ ಗುಣದಿಂದ ಅಳೆಯುವುದು ನ್ಯಾಯವಾದ ಕ್ರಮ.

ಮಾನದಂಡಗಳು

ಸ್ಥಳ, ಕಾಲಾವಧಿ ಮತ್ತು ಪರಿಮಾಣಗಳ ಮಿತಿಯನ್ನು ಮೊದಲೇ ದಾಖಲಿಸಿರಬೇಕು, ಅನಂತರ ಹಿಗ್ಗಿಸಬಾರದು. ಫಲಿಸಿದವುಗಳೊಡನೆ ಹುಸಿಯಾದವುಗಳನ್ನೂ, ಮುನ್ಸೂಚನೆಯಿಲ್ಲದೆ ಸಂಭವಿಸಿದ ಕಂಪನಗಳನ್ನೂ ಎಣಿಸಬೇಕು. ಕೇವಲ ಆಕಸ್ಮಿಕವಾಗಿ ಎಷ್ಟು ಫಲಿಸಬಹುದಿತ್ತು ಎಂಬುದರೊಡನೆ ಹೋಲಿಸಬೇಕು. ಜಗತ್ತಿನಲ್ಲಿ ವರ್ಷಕ್ಕೆ 6 ಅಥವಾ ಹೆಚ್ಚಿನ ಪರಿಮಾಣದ ನೂರಕ್ಕೂ ಹೆಚ್ಚು ಭೂಕಂಪಗಳಾಗುತ್ತವೆ. ಬಹುಪಾಲು ಪೆಸಿಫಿಕ್ ಸಾಗರದ ಅಂಚಿನಲ್ಲಿ. ಆದ್ದರಿಂದ ‘ಈ ತಿಂಗಳು ಆ ಅಂಚಿನಲ್ಲೆಲ್ಲೋ ದೊಡ್ಡ ಕಂಪನ’ ಎಂಬ ಮಾತು ನಿಜವಾದರೂ ಏನನ್ನೂ ಸಾಧಿಸದು.

ಉದಾಹರಣೆಗಳು

ಅಮೆರಿಕದ ಐಬೆನ್ ಬ್ರೌನಿಂಗ್ ಅವರು ಸೂರ್ಯಚಂದ್ರರ ಸೆಳೆತವನ್ನು ಆಧರಿಸಿ, 1990ರ ಡಿಸೆಂಬರ್ 3ರ ಆಸುಪಾಸಿನಲ್ಲಿ ನ್ಯೂ ಮ್ಯಾಡ್ರಿಡ್ ವಲಯದಲ್ಲಿ ದೊಡ್ಡ ಭೂಕಂಪದ ಸಾಧ್ಯತೆ ಅರ್ಧಕ್ಕರ್ಧ ಎಂದಿದ್ದರು. ಹಲವು ಶಾಲೆಗಳು ಮುಚ್ಚಿದವು, ಭೂಕಂಪವಾಗಲಿಲ್ಲ. ಅರ್ಧಕ್ಕರ್ಧ ಎಂದ ಮಾತನ್ನು ಒಂದೇ ವೈಫಲ್ಯ ಸುಳ್ಳಾಗಿಸದು. ಆದರೆ ಅವರ ಹಿಂದಿನ ಮುನ್ಸೂಚನೆಗಳು ಊಹೆಗಿಂತ ಮೇಲಲ್ಲವೆಂದು ತಜ್ಞರ ತಂಡವೊಂದು ಆ ದಿನಕ್ಕೆ ಮೊದಲೇ ಪರಿಶೀಲಿಸಿ ತಿಳಿಸಿತ್ತು.

ಇದೇ ಅಳತೆಗೋಲು ವಿಜ್ಞಾನಿಗಳಿಗೂ ಸಲ್ಲುತ್ತದೆ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಸುಮಾರು 6 ಪರಿಮಾಣದ ಭೂಕಂಪವಾಗುವುದೆಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1985ರಲ್ಲಿ ಮುನ್ಸೂಚಿಸಿತ್ತು. ಅದು ಸಂಭವಿಸಿದ್ದು 2004ರಲ್ಲಿ. ಸ್ಥಳ, ಪರಿಮಾಣಗಳು ಹೊಂದಿದರೂ ಅವಧಿ ಮೀರಿದ್ದರಿಂದ ಅದನ್ನು ಹುಸಿಯೆಂದೇ ಗಣಿಸಲಾಗುತ್ತದೆ.

ಮಹತ್ವ

ಹುಸಿ ಎಚ್ಚರಿಕೆಗಳು ಮರುಕಳಿಸಿದರೆ ಜನರು ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸಬಹುದು. ಇದುವರೆಗೆ ಯಾವ ವಿಧಾನವೂ ದೊಡ್ಡ ಭೂಕಂಪಗಳ ದಿನವನ್ನು ವಿಶ್ವಾಸಾರ್ಹವಾಗಿ ತಿಳಿಸಿಲ್ಲ. ಆದುದರಿಂದ ಕಂಪನ ತಾಳುವ ಕಟ್ಟಡಗಳೂ ಪೂರ್ವಸಿದ್ಧತೆಯೂ ಮುಖ್ಯ ರಕ್ಷಣೆಯಾಗಿ ಉಳಿದಿವೆ.