ಆಟಗಾರನ ಸಹಿ, ಆಟಗಾರನ ಅಂಗಿ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಮೊದಲಾದವನ್ನು ಕೂಡಿಸಿಡುವ ಹವ್ಯಾಸ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದು. ಪ್ರಸಿದ್ಧ ಆಟಗಾರರ ಹಸ್ತಾಕ್ಷರಗಳನ್ನೂ ಅವರು ಪಂದ್ಯದಲ್ಲಿ ತೊಟ್ಟ ಅಂಗಿಗಳನ್ನೂ ಸಂಗ್ರಹಿಸುವುದು ಇದೇ ಜಾತಿಯ ಹವ್ಯಾಸ. ಆದರೆ ಒಂದು ಮುಖ್ಯವಾದ ಭೇದವುಂಟು. ನಾಣ್ಯವನ್ನು ತೂಗಿ, ಲೋಹವನ್ನು ಪರೀಕ್ಷಿಸಿ, ಅಚ್ಚನ್ನು ನೋಡಿ ಅದರ ನೆಲೆಯನ್ನು ಬಹುಮಟ್ಟಿಗೆ ನಿರ್ಣಯಿಸಬಹುದು. ಅಂಗಿಯ ವಿಷಯ ಹಾಗಲ್ಲ. ಆಟಗಾರನು ತೊಟ್ಟ ಅಂಗಿಗೂ ಅಂಗಡಿಯಲ್ಲಿ ತೂಗುಹಾಕಿದ ಅದೇ ಬಗೆಯ ಅಂಗಿಗೂ ನೂಲಿನಲ್ಲಾಗಲಿ ಬಣ್ಣದಲ್ಲಾಗಲಿ ಅಂತರವಿಲ್ಲದಿರಬಹುದು. ಒಬ್ಬ ವ್ಯಕ್ತಿಯೊಡನೆ, ಒಂದು ಗಳಿಗೆಯೊಡನೆ ಅದಕ್ಕಿರುವ ಸಂಬಂಧವೇ ಅದರ ಬೆಲೆ. ಈ ಸಂಬಂಧವನ್ನು ಸ್ಥಾಪಿಸುವುದು ಹೇಗೆ? ಇಲ್ಲಿಯೇ ವಿಜ್ಞಾನದ ಪ್ರವೇಶ.

ಒಂದು ನಿದರ್ಶನವನ್ನು ನೋಡೋಣ. 1986ರ ಜೂನ್ 22ರಂದು ಮೆಕ್ಸಿಕೋ ನಗರದ ಆಸ್ಟೆಕಾ ಕ್ರೀಡಾಂಗಣದಲ್ಲಿ ಅರ್ಜೆಂಟೀನ ತಂಡವು ಇಂಗ್ಲೆಂಡನ್ನು ವಿಶ್ವಕಪ್ ಕಾಲ್ಚೆಂಡಿನ ಪಂದ್ಯದಲ್ಲಿ 2–1ರಿಂದ ಸೋಲಿಸಿತು. ಡೀಗೋ ಮರಡೋನಾ ಎರಡು ಗೋಲುಗಳನ್ನೂ ಹೊಡೆದರು; ಮೊದಲನೆಯದು ಕೈಯಿಂದ ತಳ್ಳಿದ್ದೆಂದು ಕುಪ್ರಸಿದ್ಧವಾಯಿತು. ಪಂದ್ಯ ಮುಗಿದಾಗ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಅವರೊಡನೆ ಅಂಗಿಯನ್ನು ಬದಲಾಯಿಸಿಕೊಂಡರು. 2022ರಲ್ಲಿ ಆ ಅಂಗಿ ಹರಾಜಿಗೆ ಬಂದಾಗ ಮರಡೋನಾರ ಕುಟುಂಬದ ಕಡೆಯಿಂದ ಒಂದು ಆಕ್ಷೇಪಣೆ ಬಂದಿತು: ಇದು ಮೊದಲರ್ಧದಲ್ಲಿ ತೊಟ್ಟ ಅಂಗಿ, ಗೋಲುಗಳು ಬಂದ ಉತ್ತರಾರ್ಧದ್ದಲ್ಲ. ಎರಡೂ ಅದೇ ಆಟಗಾರನ ಅಂಗಿಗಳೇ. ಆದರೂ ಬೆಲೆಯಲ್ಲಿ ಅಜಗಜಾಂತರ. ಕೊನೆಗೆ ತೀರ್ಮಾನಕ್ಕೆ ನೆರವಾದುದು ಛಾಯಾಚಿತ್ರಗಳ ಹೋಲಿಕೆ. ಆ ಪಂದ್ಯಕ್ಕಾಗಿ ಅಂಗಿಗಳನ್ನು ಮೆಕ್ಸಿಕೋದಲ್ಲಿಯೇ ಅವಸರದಿಂದ ಕೊಂಡು, ಲಾಂಛನವನ್ನೂ ಸಂಖ್ಯೆಯನ್ನೂ ಅಲ್ಲಿಯೇ ಜೋಡಿಸಿದ್ದರು. ಹೀಗೆ ಕೈಯಿಂದ ಮಾಡಿದ ಕೆಲಸ ಎರಡು ಅಂಗಿಗಳಲ್ಲಿ ಒಂದೇ ತೆರನಾಗಿರುವುದಿಲ್ಲ. ಲಾಂಛನ, ಪಟ್ಟೆ, ಸಂಖ್ಯೆ ಇವುಗಳ ವಿವರಗಳನ್ನು ಗೋಲಿನ ವೇಳೆಯ ಚಿತ್ರಗಳೊಡನೆ ಹೋಲಿಸಿ, ಅಂಗಿ ಉತ್ತರಾರ್ಧದ್ದೇ ಎಂದು ಪರೀಕ್ಷಕರು ನಿರ್ಣಯಿಸಿದರು. ಅದು 71,42,500 ಪೌಂಡುಗಳಿಗೆ ಮಾರಾಟವಾಯಿತು.

ಈ ಹೋಲಿಕೆಯ ತತ್ತ್ವ ಬೆರಳಚ್ಚಿನ ತತ್ತ್ವವನ್ನೇ ಹೋಲುತ್ತದೆ. ಪಟ್ಟೆಯಿರುವ ಬಟ್ಟೆಯನ್ನು ಕತ್ತರಿಸಿ ಹೊಲಿಯುವಾಗ ಪಟ್ಟೆಗಳು ಹೊಲಿಗೆಯ ಬಳಿ ಎಲ್ಲಿ ಕೂಡುತ್ತವೆಂಬುದು ಆಕಸ್ಮಿಕ. ಜಾಲರಿ ಬಟ್ಟೆಯ ಯಾವ ರಂಧ್ರವನ್ನು ಸಂಖ್ಯೆಯ ಅಂಚು ಮುಚ್ಚುತ್ತದೆಂಬುದೂ ಆಕಸ್ಮಿಕ. ಇಂತಹ ಒಂದು ಗುರುತು ಎರಡು ಅಂಗಿಗಳಲ್ಲಿ ಒಂದೇ ಆಗಿರಬಹುದು. ಪರಸ್ಪರ ಸಂಬಂಧವಿಲ್ಲದ ಹಲವು ಗುರುತುಗಳು ಒಟ್ಟಿಗೆ ಹೊಂದುವ ಸಂಭವವಾದರೋ ಅತ್ಯಲ್ಪ.

ಇನ್ನು ಹಸ್ತಾಕ್ಷರ. ನಾವು ಯಾರೂ ಎರಡು ಸಲ ಸರಿಸಮನಾಗಿ ಸಹಿ ಮಾಡಲಾರೆವು. ಆದುದರಿಂದ ಎರಡು ಸಹಿಗಳು ಒಂದರ ಮೇಲೊಂದು ಇಟ್ಟಂತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೆ, ಅದು ಸಾಚಾತನದ ಗುರುತಲ್ಲ. ಯಂತ್ರದಿಂದಲೋ ಅಚ್ಚಿನಿಂದಲೋ ಆದುದೆಂದು ಸಂಶಯಪಡಬೇಕು. ಅಚ್ಚಾದ ಸಹಿಯಾದರೆ ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಾಣುವುದುಂಟು. ನಕಲುಗಾರನು ಗೆರೆಯನ್ನು ಬರೆಯುವುದಿಲ್ಲ, ಚಿತ್ರಿಸುತ್ತಾನೆ. ಅವನ ಕೈ ನಿಧಾನವಾಗುವುದರಿಂದ ಗೆರೆ ನಡುಗುತ್ತದೆ, ನಡುವೆ ಅಕಾರಣವಾಗಿ ನಿಲ್ಲುತ್ತದೆ. ಆದರೂ ನುರಿತ ಕೈ ತಜ್ಞರನ್ನೂ ವಂಚಿಸಬಲ್ಲದು. ಅಮೆರಿಕದಲ್ಲಿ 1990ರ ದಶಕದಲ್ಲಿ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ಕೈಗೊಂಡ 'ಆಪರೇಷನ್ ಬುಲ್‌ಪೆನ್' ಎಂಬ ಶೋಧದಲ್ಲಿ ಮದರ್ ತೆರೇಸಾರ ಸಹಿಯಿದ್ದ ಬೇಸ್‌ಬಾಲ್ ಚೆಂಡುಗಳು ಕೂಡ ಸಿಕ್ಕಿದವು! ಇದರಿಂದ ಎಚ್ಚೆತ್ತ ಅಲ್ಲಿನ ಬೇಸ್‌ಬಾಲ್ ಸಂಘಟನೆ 2001ರಲ್ಲಿ ಹೊಸ ಕ್ರಮವನ್ನು ತಂದಿತು. ಪ್ರತಿ ಪಂದ್ಯದಲ್ಲಿಯೂ ನೇಮಿತನಾದ ಸಾಕ್ಷಿಯೊಬ್ಬನು ವಸ್ತುವನ್ನು ಕಣ್ಣಾರೆ ಕಂಡು, ಸಂಖ್ಯೆಯುಳ್ಳ ಮುದ್ರೆಯನ್ನು ಅದಕ್ಕೆ ಅಂಟಿಸುತ್ತಾನೆ. ಅನಂತರದ ಪರೀಕ್ಷೆಗಿಂತ ಆಗಲೇ ಮಾಡಿದ ದಾಖಲೆ ಮೇಲೆಂಬುದು ಇದರ ಸಾರ.

ಕಾಲನಿರ್ಣಯಕ್ಕೆ ಅತಿನೇರಳೆ ಕಿರಣದ ದೀಪ ಸಹಾಯಕ. ಎರಡನೆಯ ಮಹಾಯುದ್ಧದ ಅನಂತರ ಕಾಗದ, ಬಟ್ಟೆ, ಸೋಪಿನ ಪುಡಿಗಳಿಗೆ ಬಿಳುಪು ಹೆಚ್ಚಿಸುವ ರಾಸಾಯನಿಕಗಳನ್ನು ಬೆರೆಸುವ ರೂಢಿ ಹರಡಿತು. ಅವು ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತವೆ. 1930ರದೆಂದು ಹೇಳುವ ಕಾಗದ ಹೀಗೆ ಹೊಳೆದರೆ ಸಂಶಯಕ್ಕೆ ಎಡೆಯುಂಟು. ಹಳೆಯ ಅಂಗಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಇಂದಿನ ಸೋಪಿನ ಪುಡಿಯಲ್ಲಿ ಒಮ್ಮೆ ಒಗೆದರೆ ನಿಜವಾದ ಹಳೆಯ ಬಟ್ಟೆಯೂ ಹೊಳೆಯಬಹುದು. ಒಗೆತದಿಂದ ಮಣ್ಣು, ಹುಲ್ಲಿನ ಕಲೆ, ಬೆವರಿನ ಗುರುತುಗಳೂ ಹೋಗುತ್ತವೆ. ಕೊಳೆಯೇ ಇಲ್ಲಿ ಸಾಕ್ಷ್ಯ.

ಆದರೆ ಆ ಕೊಳೆಯೇ ಶತ್ರುವೂ ಹೌದು. ಬೆವರಿನ ಲವಣ, ಚರ್ಮದ ಜಿಡ್ಡು ಇವು ತೇವವಿದ್ದಲ್ಲಿ ಬೂಷ್ಟಿಗೆ ಆಹಾರವಾಗುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 65 ಶೇಕಡವನ್ನು ಮೀರಿ ನಿಂತರೆ ಬೂಷ್ಟು ಬೆಳೆಯುವ ಭಯ. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಇದು ಸಾಮಾನ್ಯ ಸ್ಥಿತಿ. ಉಣ್ಣೆಯ ಬಟ್ಟೆಗೆ, ಉದಾಹರಣೆಗೆ ಆಸ್ಟ್ರೇಲಿಯದ ಟೆಸ್ಟ್ ಆಟಗಾರರ ಹಸಿರು ಟೋಪಿಗೆ, ಪತಂಗದ ಮರಿಹುಳುಗಳ ಕಾಟ ಬೇರೆ. ಸಹಿಯ ಶತ್ರು ಬೆಳಕು. ಬಾಲ್ ಪೆನ್ನಿನ ಮಸಿಯಲ್ಲಿರುವ ವರ್ಣದ್ರವ್ಯದ ಅಣುಗಳನ್ನು ಬೆಳಕಿನ ಶಕ್ತಿ ಒಡೆಯುತ್ತದೆ. ಅಣು ಒಡೆದರೆ ಬಣ್ಣವೂ ಹೋಯಿತು. ಇಂಗಾಲದಿಂದಾದ ಕಪ್ಪು ಮಸಿ, ಸೀಸದ ಕಡ್ಡಿಯ ಗೆರೆ ಇವು ಹೀಗೆ ಮಾಸುವುದಿಲ್ಲ. ಕಿಟಕಿಯ ಎದುರು ಗೋಡೆಗೆ ತೂಗುಹಾಕಿದ ಸಹಿ ಕೆಲವೇ ವರ್ಷಗಳಲ್ಲಿ ಮಾಸಿಹೋಗಬಹುದು.

ಈ ಹವ್ಯಾಸಕ್ಕೆ ದೊಡ್ಡ ಹಣ ಬೇಕೆಂದು ವಿದ್ಯಾರ್ಥಿಗಳು ತಿಳಿಯಬೇಕಾಗಿಲ್ಲ. ತಮ್ಮ ಊರಿನ ಕಬಡ್ಡಿ, ಹಾಕಿ, ಕ್ರಿಕೆಟ್ ಆಟಗಾರರಿಂದಲೇ ಆರಂಭಿಸಬಹುದು. ಆಮ್ಲರಹಿತ ಕಾಗದದ ಮೇಲೆ ಕಪ್ಪು ಮಸಿಯಿಂದ ಸಹಿ ಪಡೆಯಿರಿ. ದಿನಾಂಕ, ಸ್ಥಳ, ಪಂದ್ಯ, ಕಂಡವರ ಹೆಸರು ಇವನ್ನು ಅಂದೇ ಒಂದು ಪುಸ್ತಕದಲ್ಲಿ ಬರೆದಿಡಿ. ಸಾಧ್ಯವಾದರೆ ಒಂದು ಛಾಯಾಚಿತ್ರವನ್ನೂ ತೆಗೆಯಿರಿ. ಅಂಗಿ ದೊರೆತರೆ ಒಗೆಯದೆ, ನೆರಳಿನಲ್ಲಿ ಚೆನ್ನಾಗಿ ಆರಿಸಿ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಒಣಗಿದ ಕತ್ತಲೆಯ ಪೆಟ್ಟಿಗೆಯಲ್ಲಿಡಿ. ಬರೆದಿಟ್ಟ ಪುಸ್ತಕವನ್ನೂ ಅದರ ಜೊತೆಯಲ್ಲಿಯೇ ಇಡಿ. ಮುಂದಿನವರಿಗೆ ಆ ಅಂಗಿ ಯಾರದೆಂದು ಹೇಳಬೇಕಾದುದು ಆ ಪುಸ್ತಕವೇ.