ಏಳು ಸೀಟಿನ ಎಲೆಕ್ಟ್ರಿಕ್ ಕಾರು ಏಳು ಜನರ ಕುಟುಂಬಕ್ಕೆ ಸರಿಹೋಗುತ್ತದೆಯೇ?

"ಏಳು ಜನ ಆರಾಮಾಗಿ ಕೂರಬಹುದು. ಒಂದು ಸಲ ಚಾರ್ಜ್ ಮಾಡಿದ್ರೆ 600 ಕಿ.ಮೀ. ರೋಡ್ ಟ್ಯಾಕ್ಸ್ ಇಲ್ಲ. ಮನೆ ಕರೆಂಟ್ ಹೇಗೂ ಫ್ರೀ!"

ಇಂಥದ್ದೊಂದು ಸಂದೇಶ ಹುಣಸಮಾರನಹಳ್ಳಿಯ ಮನೆಯೊಂದರ ವಾಟ್ಸಾಪ್ ಗ್ರೂಪಿಗೆ ಬಂತು. ಎರಡೇ ದಿನದಲ್ಲಿ ಅದೇ ಗ್ರೂಪಿಗೆ ಇನ್ನೊಂದು ಬಂತು: "ಏಳು ಜನ ಹತ್ತಿದ್ರೆ ರೇಂಜ್ ಅರ್ಧ. ಹೆಬ್ಬಾಳ ಜಾಮ್‌ನಲ್ಲಿ ಸಿಕ್ಕಿಕೊಂಡ್ರೆ ಬ್ಯಾಟರಿ ಖಾಲಿ."

ಆ ಮನೆಯಲ್ಲಿ ತಾತ, ಅಜ್ಜಿ, ಗಂಡ, ಹೆಂಡತಿ, ಚಿಕ್ಕಪ್ಪ, ಹತ್ತು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು, ಒಟ್ಟು ಏಳು ಜನ. ನಮ್ಮ ತಂಡದ ಒಬ್ಬರ ಮನೆಯೇ ಆದ್ದರಿಂದ ಪ್ರಶ್ನೆ ನೇರವಾಗಿ ನಮಗೇ ಬಂತು: ತಗೊಳ್ಳೋದಾ, ಬೇಡವಾ? ಎರಡೂ ಸಂದೇಶಗಳನ್ನು ಒಂದೊಂದಾಗಿ ಪರಿಶೀಲಿಸಿದೆವು. ಎರಡೂ ಪೂರ್ತಿ ನಿಜವಲ್ಲ.

ಮಾರುಕಟ್ಟೆಯಲ್ಲಿ ಏನಿದೆ?

ಮೂರು ಸಾಲಿನ ಎಲೆಕ್ಟ್ರಿಕ್ ಕಾರುಗಳು ನಮ್ಮಲ್ಲಿ ಇನ್ನೂ ಕೆಲವೇ. ಬಿವೈಡಿ ಇಮ್ಯಾಕ್ಸ್ 7 ಎಂಬ ಎಂಪಿವಿ 2024ರ ಅಕ್ಟೋಬರ್‌ನಲ್ಲಿ ಬಂತು. ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ 2025ರ ಜುಲೈನಲ್ಲಿ ಬಂತು. ಆಗ ಅದರ ಆರಂಭಿಕ ಎಕ್ಸ್‌ಶೋರೂಮ್ ಬೆಲೆ 17.99 ಲಕ್ಷ ರೂ. ಮಹೀಂದ್ರಾ ಎಕ್ಸ್‌ಇವಿ 9ಎಸ್ ಎಂಬ ಎಸ್‌ಯುವಿ 2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಆಗ ಅದರ ಆರಂಭಿಕ ಬೆಲೆ 19.95 ಲಕ್ಷ ರೂ. ಕಿಯಾ ಇವಿ9 ಕೂಡ ಮೂರು ಸಾಲಿನದೇ, ಆದರೆ ಬೆಲೆ ಒಂದು ಕೋಟಿ ಮೀರುತ್ತದೆ. ಹೆಚ್ಚಿನ ಕುಟುಂಬಗಳು ನೋಡುವುದು 18ರಿಂದ 30 ಲಕ್ಷದೊಳಗಿನ ಕಾರುಗಳನ್ನು.

"ಏಳು ಜನ ಆರಾಮಾಗಿ ಕೂರಬಹುದು": ನಿಜವೇ?

ಏಳು ಜನ ಕೂರಬಹುದು, ಸರಿ. ಆರಾಮವಾಗಿಯೇ ಎನ್ನುವುದು ಮೂರನೇ ಸಾಲಿನಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ನಿಂತಿದೆ.

ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ ನೆಲದ ಕೆಳಗೆ ಹಾಸಿದಂತಿರುತ್ತದೆ. ಇದರಿಂದ ಒಳಗಿನ ನೆಲ ಸ್ವಲ್ಪ ಮೇಲೇರುತ್ತದೆ. ಚಾವಣಿಯನ್ನು ಅಷ್ಟೇ ಎತ್ತರಿಸಲಾಗದು, ಆದ್ದರಿಂದ ಸೀಟು ನೆಲಕ್ಕೆ ಹತ್ತಿರವಾಗುತ್ತದೆ. ಮೂರನೇ ಸಾಲಿನಲ್ಲಿ ಇದು ಎದ್ದು ಕಾಣುತ್ತದೆ. ಮಂಡಿ ಮೇಲಕ್ಕೆ ಬಂದು, ತೊಡೆಗೆ ಆಸರೆ ಸಿಗದೆ, ಮಣೆಯ ಮೇಲೆ ಕೂತಂತಾಗುತ್ತದೆ. ಅರ್ಧ ಗಂಟೆಗೆ ಪರವಾಗಿಲ್ಲ. ಐದಾರು ಗಂಟೆಯ ಪ್ರಯಾಣಕ್ಕೆ ಮಂಡಿನೋವಿನವರು ಒಪ್ಪುವುದಿಲ್ಲ.

ಆ ಮನೆಯವರು ಮೊದಲ ಸಲ ಶೋರೂಮ್‌ಗೆ ಹೋದಾಗ ಹೋಗಿದ್ದು ಅಣ್ಣ ತಮ್ಮ ಇಬ್ಬರೇ. ಮುಂದಿನ ಸೀಟಿನಲ್ಲಿ ಕೂತು, ದೊಡ್ಡ ಪರದೆ ನೋಡಿ ಖುಷಿಯಾಗಿ ಬಂದರು. ಇನ್ನೊಮ್ಮೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಎಂದೆವು. ಎರಡನೇ ಸಾಲಿನ ಸೀಟು ಮಡಚಿ, ಬಗ್ಗಿ, ಅಜ್ಜಿ ಹಿಂದಕ್ಕೆ ಹೋಗಿ ಕೂತರು. ಆಮೇಲೆ ಕೇಳಿದರು: "ಹತ್ತೋದೇನೋ ಹತ್ತಿದೆ ಕಣೋ, ಇಳಿಯೋದು ಹೇಗೆ?"

ಅಜ್ಜಿ, ತಾತ ಎರಡನೇ ಸಾಲಿನಲ್ಲಿ ಕೂತರೆ ಹಿಂದೆ ಕೂರುವವರು ಮಕ್ಕಳು. ಎಲ್ಲರೂ ಸರಿಯಾಗಿ ನೋಡಬೇಕಾದ ವಿಷಯ ಇದು.

ಹಿಂದಿನ ಸಾಲಿನಲ್ಲಿ ಮಕ್ಕಳು ಸುರಕ್ಷಿತವೇ?

"ಫೈವ್ ಸ್ಟಾರ್ ಕಾರು, ಎಲ್ಲಿ ಕೂತರೂ ಸೇಫ್" ಎಂಬ ಮಾತನ್ನು ಹಾಗೇ ನಂಬಬೇಡಿ. ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್ 1ರಂದು ಶುರುವಾಯಿತು. ಅದರ ಮೊದಲ ನಿಯಮಾವಳಿಯಲ್ಲಿ ಸ್ಟಾರ್ ಕೊಡುವುದು ಮುಂದಿನ ಮತ್ತು ಬದಿಯ ಡಿಕ್ಕಿಗಳನ್ನು ನೋಡಿ. ಒಂದೂವರೆ ಮತ್ತು ಮೂರು ವರ್ಷದ ಮಗುವಿನ ಗೊಂಬೆಗಳನ್ನು ಕೂರಿಸುವುದು ಎರಡನೇ ಸಾಲಿನಲ್ಲಿ. ಹಿಂದಿನಿಂದ ಲಾರಿ ಗುದ್ದಿದರೆ ಮೂರನೇ ಸಾಲಿನವರಿಗೆ ಏನಾಗುತ್ತದೆ ಎಂಬುದನ್ನು ಆ ಸ್ಟಾರ್‌ಗಳು ಹೇಳುವುದಿಲ್ಲ. ಹಾಗೆಂದು ಮೂರನೇ ಸಾಲು ಅಪಾಯಕಾರಿ ಎಂದೂ ಅರ್ಥವಲ್ಲ. ಸ್ಟಾರ್ ನೋಡಿ ಸುಮ್ಮನಾಗದೆ ನಾವೇ ಕೇಳಬೇಕಾದ ಪ್ರಶ್ನೆಗಳಿವೆ ಎಂದಷ್ಟೇ.

ಮೂರನೇ ಸಾಲಿನ ಎರಡೂ ಸೀಟಿಗೆ ಹೆಗಲು, ಸೊಂಟ ಎರಡನ್ನೂ ಹಿಡಿಯುವ ಬೆಲ್ಟ್ ಇದೆಯೇ? ತಲೆಯ ಆಸರೆ ಅಲ್ಲಿ ಕೂರುವವರ ತಲೆಯ ಮಟ್ಟಕ್ಕೆ ಬರುತ್ತದೆಯೇ? ಬದಿಯ ಕರ್ಟನ್ ಏರ್‌ಬ್ಯಾಗ್ ಕೊನೆಯ ಸಾಲಿನವರೆಗೂ ಬರುತ್ತದೆಯೇ? ಚೈಲ್ಡ್ ಸೀಟ್ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಯಾವ ಸಾಲಿನಲ್ಲಿದೆ? ಈ ಕೊಂಡಿ ಹೆಚ್ಚಾಗಿ ಎರಡನೇ ಸಾಲಿನಲ್ಲೇ ಇರುತ್ತದೆ. ಅಂದರೆ ಮೂರು ವರ್ಷದ ಮಗು ಕೂರಬೇಕಾದ್ದು ಅಲ್ಲೇ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕಾರು ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ 1,000 ರೂ. ದಂಡವೂ ಇದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಯಾವ ಸಾಲಿನಲ್ಲೂ ಸುರಕ್ಷಿತವಲ್ಲ.

"ಏಳು ಜನ ಹತ್ತಿದರೆ ರೇಂಜ್ ಅರ್ಧ": ನಿಜವೇ?

ಸುಳ್ಳು. ಆದರೆ "600 ಕಿ.ಮೀ." ಎಂಬುದನ್ನೂ ನಂಬಿ ಹೊರಡಬೇಡಿ.

ಕಂಪನಿಗಳು ಹೇಳುವ ರೇಂಜ್ ಸಾಮಾನ್ಯವಾಗಿ ಎಂಐಡಿಸಿ ಎಂಬ ಪರೀಕ್ಷೆಯಿಂದ ಬಂದದ್ದು. ಅದು ನಡೆಯುವುದು ಪ್ರಯೋಗಾಲಯದಲ್ಲಿ, ವೇಗ 90 ಕಿ.ಮೀ. ದಾಟುವುದಿಲ್ಲ. ಕಾರು ಕಾರನ್ನು ಹೋಲಿಸಲು ಅದು ಉಪಯುಕ್ತ. ನಿಮ್ಮ ಪ್ರವಾಸದ ಲೆಕ್ಕಕ್ಕೆ ಅಲ್ಲ.

ನಾವು ಒಂದು ಸರಳ ಲೆಕ್ಕ ಹಾಕಿದೆವು. 2.2 ಟನ್ ತೂಕದ ಕಾರಿಗೆ ಐದು ಜನ ಮತ್ತು ಲಗೇಜ್ ಸೇರಿ 400 ಕಿಲೋ ಹೆಚ್ಚಾಯಿತು ಎಂದುಕೊಳ್ಳಿ. ಸಮತಟ್ಟಾದ ಹೆದ್ದಾರಿಯಲ್ಲಿ ಟೈರಿನ ಘರ್ಷಣೆ ಹೆಚ್ಚಿ ಖರ್ಚಾಗುವ ಕರೆಂಟ್ ನೂರಕ್ಕೆ 7ರಿಂದ 8ರಷ್ಟು ಹೆಚ್ಚು. ಅದೇ ಕಾರನ್ನು 80ರ ಬದಲು 100ರ ವೇಗದಲ್ಲಿ ಓಡಿಸಿದರೆ ಖರ್ಚು ನೂರಕ್ಕೆ 25ಕ್ಕೂ ಹೆಚ್ಚು ಏರುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದೇ ಕಾರಣ. ರೇಂಜ್ ತಿನ್ನುವುದು ಅಜ್ಜಿ ತಾತನ ತೂಕಕ್ಕಿಂತ ಡ್ರೈವರ್‌ನ ಬಲಗಾಲು.

ಬೆಟ್ಟ ಹತ್ತಿದರೆ? ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಂಗಳೂರು ಸುಮಾರು 900 ಮೀಟರ್. ತುಂಬಿದ ಕಾರನ್ನು ಅಷ್ಟು ಮೇಲಕ್ಕೆ ಏರಿಸಲು ಹೆಚ್ಚುವರಿಯಾಗಿ ಬೇಕಾದ್ದು ಸುಮಾರು 4 ಯೂನಿಟ್. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ.

ಹೆಬ್ಬಾಳ ಜಾಮ್ ಭಯವೂ ಬೇಡ. ನಿಂತ ಕಾರಿನಲ್ಲಿ ಮೋಟಾರು ಕರೆಂಟ್ ತಿನ್ನುವುದಿಲ್ಲ. ಎಸಿ ಒಂದು ಗಂಟೆಗೆ 1ರಿಂದ 2 ಯೂನಿಟ್ ತಿನ್ನುತ್ತದೆ. ಅಂದರೆ ಸುಮಾರು 5ರಿಂದ 10 ಕಿ.ಮೀ. ರೇಂಜ್ ಕಡಿಮೆ, ಅಷ್ಟೇ.

ಹಾಗಾದರೆ ಧರ್ಮಸ್ಥಳಕ್ಕೆ? ಹುಣಸಮಾರನಹಳ್ಳಿಯಿಂದ ದಾರಿ ಸುಮಾರು 300 ಕಿ.ಮೀ. ಏಳು ಜನ, ಎಸಿ, ಹೆದ್ದಾರಿ ವೇಗ ಎಂದರೆ 2.2 ಟನ್ನಿನ ಕಾರಿಗೆ 100 ಕಿ.ಮೀ.ಗೆ ಸುಮಾರು 20 ಯೂನಿಟ್ ಲೆಕ್ಕ ಇಟ್ಟುಕೊಳ್ಳಿ. 60 ಯೂನಿಟ್ ಬ್ಯಾಟರಿಯಲ್ಲಿ ನಿಶ್ಚಿಂತೆಯಿಂದ ಬಳಸಬಹುದಾದ್ದು 48 ಯೂನಿಟ್. ಅಂದರೆ 240 ಕಿ.ಮೀ. ಹಾಸನದಲ್ಲಿ ಊಟಕ್ಕೆ ನಿಲ್ಲಿಸಿ ಒಮ್ಮೆ ಚಾರ್ಜ್ ಮಾಡಿಕೊಂಡರೆ ಆರಾಮ. ನಿಲ್ಲಿಸದೆ ಹೋಗುತ್ತೇವೆ ಎಂದರೆ ಆತಂಕ.

ಲಗೇಜ್ ಎಲ್ಲಿ ಇಡುವುದು?

ಫಾರ್ವರ್ಡ್‌ಗಳಲ್ಲಿ ಬರದ ಪ್ರಶ್ನೆ ಇದು. ಮೂರೂ ಸಾಲಿನಲ್ಲಿ ಜನ ಕೂತರೆ ಡಿಕ್ಕಿಯಲ್ಲಿ ಉಳಿಯುವುದು ಕೆಲವು ಬ್ಯಾಗುಗಳ ಜಾಗ. ಏಳು ಜನರ ಬಟ್ಟೆ ಹಿಡಿಯದು. ಮೇಲೆ ಕ್ಯಾರಿಯರ್ ಹಾಕಿಸಿದರೆ ಗಾಳಿಯ ತಡೆ ಹೆಚ್ಚಿ ರೇಂಜ್ ಇಳಿಯುತ್ತದೆ. ದೊಡ್ಡವರು ಐದು ಜನ, ಇಬ್ಬರು ಮಕ್ಕಳು, ಮೇಲೆ ಸಾಮಾನು ಎಂದಾಗ ಕಾರು ಹೊರಬಹುದಾದ ತೂಕದ ಮಿತಿಯನ್ನೂ ನೋಡಬೇಕು. ತುಂಬಿದ ಕಾರಿಗೆ ಎಷ್ಟು ಗಾಳಿ ಹಾಕಿಸಬೇಕು ಎಂಬುದನ್ನು ಬಾಗಿಲ ಬಳಿಯ ಚೀಟಿಯಲ್ಲಿ ಕೊಟ್ಟಿರುತ್ತಾರೆ.

"ಮನೆ ಕರೆಂಟ್ ಫ್ರೀ": ನಿಜವೇ?

ಗೃಹಜ್ಯೋತಿ ಯೋಜನೆ 2023ರಲ್ಲಿ ಬಂತು. ಅದರಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿದಷ್ಟು ಯೂನಿಟ್ ಮಾತ್ರ ಉಚಿತ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಈಗ ಲೆಕ್ಕ ನೋಡಿ. ತಿಂಗಳಿಗೆ 1,000 ಕಿ.ಮೀ. ಊರೊಳಗೆ ಓಡಿಸಿದರೆ ಸುಮಾರು 160 ಯೂನಿಟ್, ಚಾರ್ಜ್ ಮಾಡುವಾಗಿನ ನಷ್ಟ ಸೇರಿ 175. ಮನೆಗೆ ಆಗಲೇ 130 ಯೂನಿಟ್ ಬೇಕು. ಒಟ್ಟು 305. ಕಾರಿನ ಕರೆಂಟ್ ಫ್ರೀ ಆಗುವುದಿರಲಿ, ಮನೆಯ ಕರೆಂಟ್‌ಗೂ ದುಡ್ಡು ಕೊಡಬೇಕಾಗುತ್ತದೆ. ಹಾಗಿದ್ದರೂ ಪೆಟ್ರೋಲ್ ಖರ್ಚಿಗಿಂತ ಇದು ತುಂಬ ಕಡಿಮೆ. ಆದರೆ ಫ್ರೀ ಅಲ್ಲ.

ಇನ್ನೊಂದು ಮಾತು. 60 ಯೂನಿಟ್ ಬ್ಯಾಟರಿ ಮನೆಯ 15 ಆಂಪ್ ಪ್ಲಗ್‌ನಲ್ಲಿ ಪೂರ್ತಿ ತುಂಬಲು 20 ಗಂಟೆಗೂ ಹೆಚ್ಚು ಬೇಕು. 7 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದರೆ ಒಂದು ರಾತ್ರಿ ಸಾಕು. ಆದರೆ ನಿಮ್ಮ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಅದನ್ನು ಹೆಚ್ಚಿಸಿಕೊಳ್ಳಬೇಕು. ಇವಿ ಚಾರ್ಜಿಂಗ್‌ಗೆ ಬೇರೆಯೇ ದರದ ಸಂಪರ್ಕವೂ ಇದೆ. ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿಕೊಳ್ಳಿ. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಕಾರು ಸಿಕ್ಕಿಸಲೇಬೇಡಿ.

"ರೋಡ್ ಟ್ಯಾಕ್ಸ್ ಇಲ್ಲ": ನಿಜವೇ?

ಹಾಗೇ ನಂಬಬೇಡಿ. 25 ಲಕ್ಷ ರೂ. ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ. 10 ಜೀವಾವಧಿ ತೆರಿಗೆಯನ್ನು ಕರ್ನಾಟಕ 2024ರಲ್ಲೇ ತಂದಿತು. ಇಂಥ ನಿಯಮಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ಹಳೆಯ ಫಾರ್ವರ್ಡ್ ನೋಡಿ ಲೆಕ್ಕ ಹಾಕಬೇಡಿ. ಆನ್‌ರೋಡ್ ಬೆಲೆಯನ್ನು ಬರಹದಲ್ಲಿ ಕೇಳಿ.

ಹಾಗಾದರೆ ಏನು ಮಾಡಬೇಕು?

ಮೊದಲು ಕಳೆದ ವರ್ಷದ ಕ್ಯಾಲೆಂಡರ್ ತೆಗೆಯಿರಿ. ಏಳೂ ಜನ ಒಟ್ಟಿಗೆ ಎಷ್ಟು ದಿನ ಪ್ರಯಾಣ ಮಾಡಿದಿರಿ ಎಂದು ಎಣಿಸಿ. ಹುಣಸಮಾರನಹಳ್ಳಿಯ ಆ ಮನೆಯಲ್ಲಿ ಎಣಿಸಿದಾಗ ಬಂದದ್ದು ಒಂಬತ್ತು ದಿನ: ಎರಡು ಮದುವೆ, ಒಂದು ಗೃಹಪ್ರವೇಶ, ಘಾಟಿ ಸುಬ್ರಹ್ಮಣ್ಯ, ಧರ್ಮಸ್ಥಳ. ಉಳಿದ ದಿನ ಕಾರಿನಲ್ಲಿ ಇದ್ದದ್ದು ಹೆಚ್ಚೆಂದರೆ ನಾಲ್ಕು ಜನ. ಒಂಬತ್ತು ದಿನಕ್ಕೆ ಬಾಡಿಗೆ ಗಾಡಿ ಸಾಕು ಎಂದು ಅನ್ನಿಸಿದರೆ ಐದು ಸೀಟಿನ ಇವಿ ನೋಡಬಹುದು. ವಾರಕ್ಕೊಮ್ಮೆ ಆರೇಳು ಜನ ಹೊರಡುವ ಮನೆಯಾದರೆ ಮೂರನೇ ಸಾಲಿಗೆ ಕೊಟ್ಟ ದುಡ್ಡು ವ್ಯರ್ಥವಲ್ಲ.

ಎರಡನೆಯದಾಗಿ, ಟೆಸ್ಟ್ ಡ್ರೈವ್‌ಗೆ ಎಲ್ಲರೂ ಹೋಗಿ. ಮಗುವಿನ ಚೈಲ್ಡ್ ಸೀಟ್, ಊರಿಗೆ ಒಯ್ಯುವ ಸೂಟ್‌ಕೇಸ್ ಜೊತೆಗಿರಲಿ. ಮೂರನೇ ಸಾಲಿನಲ್ಲಿ ಅರ್ಧ ಗಂಟೆ ಕೂತು ನೋಡಿ. ಮನೆಯ ಪಾರ್ಕಿಂಗ್ ಜಾಗ ಅಳೆಯಿರಿ. ಈ ಕಾರುಗಳ ಉದ್ದ ಸುಮಾರು ಹದಿನೈದು ಅಡಿ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಬಾಗಿಲು ತೆಗೆಯಲೂ ಜಾಗ ಬೇಕು.

ಆ ಮನೆಯವರು ಇನ್ನೂ ಬುಕ್ ಮಾಡಿಲ್ಲ. ಲೋಡ್ ಹೆಚ್ಚಿಸಲು ಬೆಸ್ಕಾಂನಲ್ಲಿ ವಿಚಾರಿಸುತ್ತಿದ್ದಾರೆ, ಐದು ಸೀಟಿನ ಕಾರನ್ನೂ ನೋಡುತ್ತಿದ್ದಾರೆ. ಎರಡನೇ ಸಾಲಿನ ಕಿಟಕಿ ಬದಿಯ ಸೀಟು ಅಜ್ಜಿಗೆ ಎಂಬುದೊಂದು ಮಾತ್ರ ತೀರ್ಮಾನವಾಗಿದೆ. ನಿಮ್ಮ ಗ್ರೂಪಿಗೂ ಇಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ನಮ್ಮ ಮನೆಯಲ್ಲಿ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?